ಐದು ನಿಮಿಷದ ಮರಳು

“ಕೈ ತೆಗಿಯೋ, ಹಾಟ್ಯಾನ ಮಗನ! ಕಂಬಕ್ಕ ಆತ್ಕೊಂಡು ನಿಂತಾನ ನೋಡು. ನಿಮ್ಮಪ್ಪ ಬಂದು ನೆಟ್ಟು ಹೋಗ್ಯಾನೇನು ಅದನ್ನ?”

ನಾಗಲಿಂಗ ಕೈ ತೆಗೆದ. ಅವನೇನೂ ಆತುಕೊಂಡಿರಲಿಲ್ಲ. ಅಂಗೈ ಊರಿ ಕಲ್ಲಿನ ಮೈ ನೋಡುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಬೇಕು, ಕಿವಿಗೊಟ್ಟು ಕೇಳಬೇಕು, ಒಂದು ಹನಿ ನೀರಿಟ್ಟು ಕಲ್ಲು ಅದನ್ನು ಎಷ್ಟು ಬೇಗ ಕುಡಿಯುತ್ತದೆ ಎಂದು ಕಾಯಬೇಕು. ತೀರಿಹೋದ ಅಣ್ಣ ಈಶ ಕಲಿಸಿಕೊಟ್ಟ ಕ್ರಮ ಅದು. ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಮ್ಯಾನೇಜರ್ ಶಿವಬಸಯ್ಯನಿಗೆ ಅದನ್ನೆಲ್ಲ ಬಿಡಿಸಿ ಹೇಳುವುದುಂಟೆ? ಆ ಕಂಬವನ್ನು ತಲೆಯಿಂದ ಬುಡದವರೆಗೆ ತೊಳೆಯಬೇಕಾದವನು ನಾಗಲಿಂಗನೇ. ತೊಳೆಯಬಹುದು, ಮುಟ್ಟಬಾರದು. ಅದು ಹೇಗೆ ಎಂದು ಕೇಳಿದ್ದರೆ ಶಿವಬಸಯ್ಯನ ಹತ್ತಿರ ಉತ್ತರ ಇರುತ್ತಿತ್ತು; ಅಂಥ ಉತ್ತರಗಳ ಮೇಲೆಯೇ ಛತ್ರ ನೂರು ವರ್ಷ ನಿಂತಿತ್ತು.

ಶಿವಾಲದ ಓಣಿಯಲ್ಲಿದ್ದ ಅದು ದೇಸಾಯರ ಛತ್ರ. ಕರ್ನಾಟಕದಿಂದ ಕಾಶಿಗೆ ಬಂದವರು ಮೂರು ದಿನ ಇಳಿದುಕೊಂಡು, ಗಂಗೆಯಲ್ಲಿ ಮುಳುಗಿ, ಪಾಪ ಕಳೆದು, ಸಾರು ಸಪ್ಪೆಯಾಗಿತ್ತು ಎಂದು ಬೈದು ಹೋಗುತ್ತಿದ್ದರು. ಬರುವ ಸೋಮವಾರ ಬಿಟ್ಟು ಅದರಾಚೆಯ ಸೋಮವಾರಕ್ಕೆ ಹತ್ತು ದಿನ. ಅಂದು ಛತ್ರಕ್ಕೆ ನೂರು ತುಂಬುತ್ತದೆ. ಕಟ್ಟಿಸಿದವರ ಮರಿಮಗ ನೀಲಕಂಠ ದೇಸಾಯರು ಐವತ್ತು ಜನರನ್ನು ಕಟ್ಟಿಕೊಂಡು ದೋಣಿಯಲ್ಲಿ ಕೇದಾರಘಾಟಿಗೆ ಬಂದಿಳಿದು, ಶಂಖ ಊದಿಸಿಕೊಂಡು ಬಂದು ಹೊಸ್ತಿಲು ದಾಟುವವರಿದ್ದರು. ಅಷ್ಟರೊಳಗೆ ಮುಂಬಾಗಿಲ ಕಲ್ಲುಗಳ ಮೇಲಿನ ದೀಪದ ಮಸಿ, ಎಣ್ಣೆಯ ಜಿಡ್ಡು, ಪಾರಿವಾಳದ ಹಿಕ್ಕೆ, ಪಾನಿನ ಉಗುಳು ಎಲ್ಲ ಹೋಗಬೇಕು.

“ಬಾಲೂ ಮಾರೋ ಮಹಾರಾಜ್,” ಎಂದ ಕಾಶೀನಾಥ. ಅವನು ಕಾಶಿಯವನೇ, ಕನ್ನಡ ಅಷ್ಟಿಷ್ಟು ತಿಳಿಯುವವನು, ಕೆಲಸದ ಗುತ್ತಿಗೆ ಹಿಡಿದವನು, ಬಾಯಿ ತುಂಬ ಪಾನ್. “ದೋ ದಿನ್ ಮೇಂ ಚಕಾಚಕ್. ಪಾನಿ ಸೇ ತೋ ಆಠ್ ದಿನ್ ಲಗ್ ಜಾಈ.”

ಮರಳಿಗಾದರೆ ಎರಡು ದಿನ, ನೀರಿಗಾದರೆ ಎಂಟು ದಿನ. ಕಾಶೀನಾಥನ ಬಳಿ ಎರಡೂ ಯಂತ್ರಗಳಿದ್ದವು. ಒಂದು ಕಂಪ್ರೆಸರ್‌ನ ಗಾಳಿಯಲ್ಲಿ ಒಣಮರಳನ್ನು ಗುಂಡಿನಂತೆ ಹಾರಿಸುತ್ತದೆ. ಇನ್ನೊಂದು ನೀರನ್ನು ಬೀಸಣಿಗೆಯಂತೆ ಹರಡಿ ಬಿರುಸಾಗಿ ಹೊಡೆಯುತ್ತದೆ. ಎರಡರ ಹಿಂದೆಯೂ ನಿಲ್ಲುವವನು ಒಬ್ಬನೇ, ನಾಗಲಿಂಗ.

ಯಾವುದು ಎಂದು ಗೊತ್ತಾಗುವ ಮುಂಚೆ ಕಸುಬಿನಲ್ಲೊಂದು ಕಟ್ಟಳೆ ಇದೆ. ಮೂಲೆಯ ಕಲ್ಲಿನ ಮೇಲೆ ಗೇಣಗಲದ ಎರಡು ಚೌಕ ಮಾಡಿ, ಒಂದಕ್ಕೆ ಮರಳು, ಒಂದಕ್ಕೆ ನೀರು ಹೊಡೆದು ಯಜಮಾನನಿಗೆ ತೋರಿಸಬೇಕು. ಅವನು ಆರಿಸಿದ್ದನ್ನು ಮಾಡಬೇಕು. ಎಲ್ಲಿ ಮಾಡಲಿ ಎಂದು ನಾಗಲಿಂಗ ಕೇಳಿದ್ದಕ್ಕೆ ಶಿವಬಸಯ್ಯ ಕಾಲಿನಿಂದಲೇ ತೋರಿಸಿದ್ದ. ಎಡಗಡೆಯ ಕಂಬದ ಬುಡ, ಮೊದಲ ಮೆಟ್ಟಿಲಿಗಿಂತ ಕೆಳಗೆ, ಚಪ್ಪಲಿ ಬಿಡುವ ಜಾಗ.

“ಅಲ್ಲಿ ಮಾಡು. ಅಲ್ಲಿ ಯಾರ ಕಣ್ಣೂ ಹೋಗಂಗಿಲ್ಲ.”

ನಾಗಲಿಂಗ ನೆನೆಸಿದ ಗಮ್ಛಾ ಬಟ್ಟೆಯನ್ನು ಮೂಗು ಬಾಯಿಗೆ ಎರಡು ಸುತ್ತು ಬಿಗಿದು, ಮೊದಲು ಮರಳಿನ ಗನ್ ಹಿಡಿದ. ಕಂಪ್ರೆಸರ್ ಓಣಿಯೆಲ್ಲ ಗುಡುಗಿತು. ಎಣಿಸಿ ಹತ್ತು ಉಸಿರು; ಕಪ್ಪು ಹೋಗಿ ಕಲ್ಲು ಹಸಿಮಾಂಸದಂತೆ ತಿಳಿಗೆಂಪಾಗಿ ಹೊಳೆಯಿತು. ಧೂಳು ಇಳಿಯಲು ಒಂದು ಗಳಿಗೆಯಾಯಿತು. ಅದು ಇಳಿಯಲು ಆರಿಸಿಕೊಂಡ ಜಾಗಗಳಲ್ಲಿ ಅವನ ಎದೆಯೂ ಒಂದು. ಆಮೇಲೆ ನೀರು. ಅರ್ಧ ಗಂಟೆ ಹೊಡೆದು, ಬ್ರಷ್ ತಿಕ್ಕಿ, ಮತ್ತೆ ಹೊಡೆದ. ಕಲ್ಲು ಮಬ್ಬಾಗಿ, ವಯಸ್ಸಾದವರು ಮುಖ ತೊಳೆದಂತೆ ಕಂಡಿತು.

“ಮರಳಿಂದೇ ಛಲೋ ಅದ,” ಎಂದ ಶಿವಬಸಯ್ಯ. “ಮದಲಗಿತ್ತಿ ಮೈ ಹಂಗ ಹೊಳೀಲತ್ತದ.”

ಒಳಗಿನಿಂದ ಚಹಾ ಬಂತು. ಶಿವಬಸಯ್ಯನಿಗೆ, ಕಾಶೀನಾಥನಿಗೆ ಸ್ಟೀಲ್ ಲೋಟ. ನಾಗಲಿಂಗನಿಗೂ ಮರಳು ಜರಡಿ ಹಿಡಿಯುತ್ತಿದ್ದ ಅವನ ಅತ್ತಿಗೆ ಜಗದಾಂಬಳಿಗೂ ಮಣ್ಣಿನ ಕುಲ್ಹಡ. ಕಾಶಿಯೆಲ್ಲ ಕುಲ್ಹಡದಲ್ಲೇ ಕುಡಿದು ಒಡೆದು ಬಿಸಾಕುತ್ತದೆ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಊರಲ್ಲಿ ಬೇರೆ ಲೋಟವನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಿಡಬೇಕಿತ್ತು, ಯಾರಾದರೂ ಕಂಡು ಕೇಸು ಹಾಕಿಯಾರು ಎಂದು ಹೆದರಬೇಕಿತ್ತು. ಇಲ್ಲಿ ಆ ತಾಪತ್ರಯವೇ ಇಲ್ಲ. ಅಂಗಡಿಯಲ್ಲೇ ಸಿಗುತ್ತದೆ.

ಜಗದಾಂಬ ಕುಲ್ಹಡವನ್ನು ಗೋಡೆಗೆ ಬೀಸಿ ಒಡೆದಳು. ಬೇಕಾದ್ದಕ್ಕಿಂತ ತುಸು ಜೋರಾಗಿ.

ಕಲಬುರಗಿ ಕಡೆಯ ಹಾಸುಗಲ್ಲಿನ ಗಣಿಯಿಂದ ಗಂಡನ ಹಿಂದೆ ಬಂದವಳು ಅವಳು. ಈಶನಿಗೆ ಮರಳಿನ ಗನ್ ಕೊಟ್ಟವನೂ ಇದೇ ಕಾಶೀನಾಥ, ಅಸ್ಸಿ ಕಡೆಯ ಒಂದು ಹಳೆಯ ಹವೇಲಿಯಲ್ಲಿ. ‘ಬಸ್ ಪಾಂಚ್ ಮಿನಿಟ್ ಕಾ ಕಾಮ್’ ಎಂದಿದ್ದ. ಐದು ನಿಮಿಷ ಮೂರು ವರ್ಷವಾಯಿತು. ಕೆಮ್ಮು ಬಂದಾಗ ಟಿ.ಬಿ. ಅಂದರು, ಒಂದು ವರ್ಷ ಆ ಗುಳಿಗೆ ನುಂಗಿದ. ಕೊನೆಗೆ ಎದೆಯ ಫಿಲ್ಮ್ ತೆಗೆದಾಗ ತುಂಬ ಬಿಳಿ ಚುಕ್ಕೆ, ಗಂಗೆಯ ಆಚೆ ದಡದ ಮರಳೇ ಎದ್ದು ಬಂದು ಒಳಗೆ ಕೂತಂತೆ. ನೋಡಿಕೊಳ್ಳಲು ಬಂದ ತಮ್ಮ ನಾಗಲಿಂಗ ಅಣ್ಣನನ್ನು ಹರಿಶ್ಚಂದ್ರ ಘಾಟಿನಲ್ಲಿ ಸುಟ್ಟು, ಅಣ್ಣನ ಗನ್ ಹಿಡಿದು ಇಲ್ಲೇ ಉಳಿದ. ಈಗ ಅವನಿಗೂ ಬೆಳಗಿನ ಹೊತ್ತು ಒಂದು ಸಣ್ಣ ಕೆಮ್ಮು, ಬಾಗಿಲು ತಟ್ಟುವವರಂತೆ, ಬರುತ್ತಿತ್ತು.

ಈಶ ಸತ್ತ ಸುದ್ದಿ ಕೇಳಿದಾಗ ಶಿವಬಸಯ್ಯ ಅಂದಿದ್ದ: “ಪುಣ್ಯವಂತ ಬಿಡಲೇ, ಕಾಶ್ಯಾಗ ಸತ್ತಾನ. ನಮಗೆಲ್ಲಿ ಬರ್ತದ ಅಂಥಾ ಸಾವು?”

“ಯಾಕ್ ಬರಂಗಿಲ್ರಿ ಅಯ್ನೋರ,” ಅಂದಿದ್ದಳು ಜಗದಾಂಬ. “ಆ ಗನ್ ಒಂದ್ ವರ್ಷ ಹಿಡೀರಿ. ತಾನಾಗಿ ಬರ್ತದ.”

ಮರುದಿನ ಕಲ್ಲಿನ ತಜ್ಞೆ ಬಂದಳು. ಹೆಸರು ಅಕ್ಷರಾ, ಮೈಸೂರಿನ ಹುಡುಗಿ, ಹಳೆಯ ಕಟ್ಟಡ ಉಳಿಸುವುದನ್ನೇ ಓದಿಕೊಂಡವಳು. ಛತ್ರದ ಟ್ರಸ್ಟಿನವರೇ ಕಳಿಸಿದ್ದರು. ಎರಡು ಚೌಕಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮರಳಿನ ಚೌಕದ ಮೇಲೆ ಬೆರಳಾಡಿಸಿ ನೋಯುವವಳಂತೆ ಮುಖ ಮಾಡಿದಳು.

“ಅಯ್ಯೋ, ಚರ್ಮಾನೇ ಸುಲಿದುಹಾಕಿದ್ದೀರಲ್ಲ! ಶಿವಬಸಯ್ಯನವರೇ, ಇದು ಚುನಾರದ ಕಲ್ಲು, ತುಂಬಾ ಮೃದು. ನೂರು ವರ್ಷದ ಗಾಳಿ ಬಿಸಿಲಿಗೆ ಮೇಲೆ ಒಂದು ಗಟ್ಟಿ ಪದರ ಕಟ್ಟಿಕೊಂಡಿರುತ್ತೆ. ಮರಳು ಅದನ್ನ ಕಿತ್ತುಬಿಡುತ್ತೆ. ನಿಮಗೆ ಹೊಳಪು ಅಂತ ಕಾಣ್ತಿರೋದು ಹಸಿ ಗಾಯ. ಎರಡು ಮಳೆಗಾಲ ಕಳೀಲಿ, ಪುಡಿಪುಡಿ ಉದುರುತ್ತೆ.”

“ಕಲ್ಲಲ್ರಿ ಮೇಡಮ್ಮೋರ, ಅದಕ್ಕೇನಾಗ್ತದ?”

“ಕಲ್ಲು ಉಸಿರಾಡುತ್ತೆ ಸರ್. ಅದರ ಸೂಕ್ಷ್ಮ ರಂಧ್ರಗಳಿಗೆ ಧೂಳು ಹೋಗಿ ಕೂರಬಾರದು. ಒಂದು ಸಲ ಕೂತರೆ ಹೊರಗೆ ತೆಗೆಯೋಕೆ ಆಗಲ್ಲ. ಒಳಗಿಂದೊಳಗೆ ಸಾಯುತ್ತೆ.”

ಅಷ್ಟರಲ್ಲಿ ನಾಗಲಿಂಗನಿಗೆ ಕೆಮ್ಮು ಬಂತು. ತಡೆದ, ತಡೆದಷ್ಟೂ ಒಳಗಿನಿಂದ ಒದ್ದುಕೊಂಡು ಬಂತು. ಅಕ್ಷರಾ ಮಾತು ನಿಲ್ಲಿಸಿ, ಅವನು ಮುಗಿಸುವವರೆಗೆ ಕಾದಳು. ಒಳ್ಳೆಯ ಮನೆತನದ ಹುಡುಗಿ. ಮುಗಿಯದಿದ್ದಾಗ, “ಸ್ವಲ್ಪ ಆ ಕಡೆ ಹೋಗಿ ಕೆಮ್ಮಪ್ಪ,” ಎಂದು ಮೆತ್ತಗೆ ಹೇಳಿ, ಕಲ್ಲಿನ ಉಸಿರಾಟವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.

ನಾಗಲಿಂಗ ಮರಳಿನ ಗುಡ್ಡೆಯ ಹತ್ತಿರ ಹೋಗಿ ಕೆಮ್ಮಿದ. ಜಗದಾಂಬ ಜರಡಿ ನಿಲ್ಲಿಸಲಿಲ್ಲ.

“ಕಲ್ಲಿಗಿ ಉಸಿರದ ಅಂತ ತಿಳೀಲಕ್ಕ ಎಷ್ಟು ಓದ್ಯಾಳಂತೋ ಆಕಿ? ಇನ್ನೊಂದೆರಡು ವರ್ಷ ಓದಿದ್ರ ನಮಗೂ ಅದ ಅಂತ ಗೊತ್ತಾಗ್ತಿತ್ತೋ ಏನೋ.”

“ಸುಮ್ಕಿರ್ ಯಕ್ಕಾ. ನೀರು ಅಂತ ಹೇಳ್ಲತ್ತಾಳ. ಯಾರ ಸಲುವಾಗೆರೆ ಹೇಳಲಿ.”

ನಿಜಕ್ಕೂ ಅವನಿಗೆ ಅಷ್ಟೇ ಬೇಕಿತ್ತು. ತನ್ನ ಎದೆಯ ಸಲುವಾಗಿ ಯಾರೂ ನೀರು ಅನ್ನುವುದಿಲ್ಲ. ಕಲ್ಲಿನ ಎದೆಯ ಸಲುವಾಗಿ ಅಂದರೆ ಅದರ ನೆರಳಿನಲ್ಲಿ ತಾನೂ ಉಳಿದುಕೊಳ್ಳಬಹುದು. ಸಂಜೆಗೆ ತೀರ್ಮಾನವಾಯಿತು. ದೇಸಾಯರಿಂದ ಫೋನೂ ಬಂತು. ಪೂರ್ವಿಕರ ಕಲ್ಲಿಗೆ ನೋವಾಗಬಾರದು, ನೀರೇ ಆಗಲಿ. ನಾಗಲಿಂಗ ಕಲ್ಲಿಗೆ ಮನಸ್ಸಿನಲ್ಲೇ ಕೈ ಮುಗಿದ. ದೂರದಿಂದಲೇ, ಮುಟ್ಟಬಾರದಲ್ಲ.

ಆ ಸಂಜೆ ಕೆಲಸ ಮುಗಿಸಿ, ಪುರಾಣ ಕೇಳಲು ಬಂದಾಗಲೆಲ್ಲ ಕೂರುವಂತೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂತ. ಒಳಗೆ ಶಿವಬಸಯ್ಯ ಪುರಾಣ ಓದುತ್ತಿದ್ದ. ಷಟ್ಪದಿಯನ್ನು ಅವನು ರಾಗವಾಗಿ ಎಳೆದು, ಅರ್ಥ ಬಂದಲ್ಲಿ ತಡೆದು, ಶಿವನ ಹೆಸರು ಬಂದಲ್ಲಿ ದನಿ ಒದ್ದೆ ಮಾಡುವ ರೀತಿಗೆ ಹೊರಗೆ ಕೂತವನ ಮೈ ಜುಂ ಎನ್ನುತ್ತಿತ್ತು. ಗಂಟಲು ದೇವರು ಕೊಟ್ಟದ್ದು. ಉಳಿದದ್ದೆಲ್ಲ ಶಿವಬಸಯ್ಯ ತಾನೇ ಬೆಳೆಸಿಕೊಂಡದ್ದು. ಊರಲ್ಲಿ ಶ್ರಾವಣದ ತಿಂಗಳು ಅವ್ವನ ತೊಡೆಯ ಮೇಲೆ ತಲೆಯಿಟ್ಟು, ಗುಡಿಯ ಹೊರಗೋಡೆಗೆ ಕಿವಿಗೊಟ್ಟು ಕೇಳಿದ್ದೂ ಇಂಥದೇ ದನಿ. ಏಳನೆಯ ಇಯತ್ತೆಯವರೆಗೆ ಓದಿದ್ದ ನಾಗಲಿಂಗನಿಗೆ ಪುಸ್ತಕಕ್ಕಿಂತ ಹೆಚ್ಚು ಪಾಠವಾದದ್ದು ಗೋಡೆಯಿಂದ.

ಐದು ದಿನ ನೀರು ಹೊಡೆದ. ಮೇಲಿನಿಂದ ಕೆಳಕ್ಕೆ, ಕಮಾನು, ಬೋದಿಗೆ, ಕಂಬ. ಆರನೆಯ ದಿನ ಬೆಳಿಗ್ಗೆ ಎಡಗಂಬದ ಬುಡಕ್ಕೆ ಬಂದ. ನಮೂನೆಯ ನೀರಿನ ಚೌಕವನ್ನೇ ಅಗಲಿಸುತ್ತ ಹೋದಂತೆ ಮಸಿಯ ಅಡಿಯಲ್ಲಿ ಏನೋ ಗೆರೆ. ಬ್ರಷ್ ತಿಕ್ಕಿದ. ಗೆರೆ ಅಕ್ಷರವಾಯಿತು. ಉಳಿಯಿಂದ ಆಳವಾಗಿ ಕೆತ್ತಿದ ಕನ್ನಡ ಅಕ್ಷರ, ಕಾಶಿಯ ಓಣಿಯಲ್ಲಿ! ಊರಿನವರು ಯಾರೋ ಹೆಸರು ಹಿಡಿದು ಕರೆದಂತಾಯಿತು ಅವನಿಗೆ.

“ಯಕ್ಕಾ, ಬಾ ಇಲ್ಲಿ! ನಮ್ಮ ಭಾಷಾದಾಗ ಬರದಾರ!”

ಹಳೆಯ ಮಾತು, ಕಲ್ಲಿನಲ್ಲಿರುವ ಮಾತು. ಸುಮ್ಮನೆ ಓದಬಾರದು ಅನ್ನಿಸಿತು. ಕಿವಿಯಲ್ಲಿದ್ದ ಸಂಜೆಯ ರಾಗ ತಾನಾಗಿ ನಾಲಗೆಗೆ ಬಂತು. ಬೆರಳಿಡುತ್ತ, ನೀರು ಒರೆಸುತ್ತ, ಎಳೆದು ಎಳೆದು ಓದಿದ:

“ಶ್ರೀ. ಈ ಛತ್ರವು ಸಮಸ್ತ ಶಿವಭಕ್ತರ ಸೇವೆಗೆ. ಹೊಲೆ ಮಾದಿಗರು ಈ ಮೆಟ್ಟಿಲ ಮೆಟ್ಟಕೂಡದು. ಮೆಟ್ಟಿದವರು ಕಾಶಿಯಲ್ಲಿ ಕವಿಲೆಯ ಕೊಂದ ಪಾಪಕ್ಕೆ ಗುರಿ.”

ಕೊನೆಯ ಪದಕ್ಕೆ ಶಿವಬಸಯ್ಯನಂತೆಯೇ ದನಿ ಒದ್ದೆ ಮಾಡಿದ್ದ. ರಾಗ ಅವನನ್ನು ಅಲ್ಲಿವರೆಗೆ ಕೈ ಹಿಡಿದು ಕರೆದುಕೊಂಡು ಹೋಗಿ, ಅಲ್ಲಿ ಬಿಟ್ಟಿತು. ಆಮೇಲೆ ಅರ್ಥ ಬಂತು.

ಜಗದಾಂಬ ಸೊಂಟದ ಮೇಲೆ ಬಿದಿರ ಪುಟ್ಟಿ ಇಟ್ಟುಕೊಂಡೇ ನಿಂತಿದ್ದಳು.

“ಛಲೋ ಓದ್ದಿ,” ಎಂದಳು. “ಇನ್ನೊಮ್ಮೆ ಓದು. ಮಂಗಳಾರತಿ ಎತ್ತಾಮು.”

ಯಾರ ಕಣ್ಣೂ ಹೋಗದ ಜಾಗ ಎಂದಿದ್ದ ಶಿವಬಸಯ್ಯ. ಯಾರ ಕಣ್ಣು ಬೀಳಲಿ ಎಂದು ಕೆತ್ತಿದ್ದರೋ ಅವರು ನಿಲ್ಲುತ್ತಿದ್ದ ಜಾಗವೇ ಅದು. ಮೇಲೆ ನಿಂತವರಿಗೆ ಅದು ಬೇಕಾಗಿಯೇ ಇರಲಿಲ್ಲ. ನೂರು ವರ್ಷದ ಚಪ್ಪಲಿಯ ಧೂಳು ಅದನ್ನು ಮುಚ್ಚಿತ್ತು, ಬೇರೇನೂ ಅಲ್ಲ.

ರಾಗ ಕೇಳಿ ಶಿವಬಸಯ್ಯ ಹೊರಬಂದ. ಬಗ್ಗಿ ನೋಡಿದ. ಕತ್ತು ಹೊರಳಿಸಿ ಓಣಿ ನೋಡಿದ.

“ಯಾರ ಕಿವಿಗಾದ್ರೂ ಬಿತ್ತೇನೋ?”

“ಇಲ್ಯಾರಿಗಿ ಬರ್ತದ್ರಿ ಕನ್ನಡ.”

“ದೇಸಾಯರಿಗಿ ಬರ್ತದಲ್ಲೋ ಖೋಡಿ! ಪೇಪರಿನವರನ್ನೂ ಕರಕೊಂಡು ಬರ್ಲತ್ತಾರ. ಬಸವಣ್ಣಗ ಕೈ ಮುಗದು ಸಮಾನತಾ ಅಂತ ಭಾಷಣ ಮಾಡೋರು ಅವರು. ಬಾಗಲದಾಗ ಇದು ಕಂಡ್ರ…” ಅವನು ಕಾಲಿನಿಂದ ಅಕ್ಷರ ತೋರಿಸಿದ. “ಅಳಿಸು.”

“ನೀರಿಗಿ ಅಳಸಂಗಿಲ್ರಿ. ನೀರು ಹೊಡದಷ್ಟೂ ಇನ್ನಾ ಚಂದ ಕಾಣ್ತಾವ.”

“ಮರಳು ಹೊಡಿ, ಮತ್ತ! ಇದೊಂದಕ್ಕ. ಐದು ನಿಮಿಷದ ಕೆಲಸ.”

ಸಿಮೆಂಟು ಬಳಿಯೋಣ ಎಂದ, ಹಿಂದೆಯೇ ಹೊರಬಂದ ಕಾಶೀನಾಥ. ಶಿವಬಸಯ್ಯ ಒಪ್ಪಲಿಲ್ಲ: ಬಳಿದರೆ ಅಲ್ಲೇನು ಮುಚ್ಚಿದಿರಿ ಎಂದು ಕೇಳುತ್ತಾರೆ. ಮರಳಾದರೆ ಅಲ್ಲಿ ಏನೂ ಇರಲೇ ಇಲ್ಲ. ಶಿವಬಸಯ್ಯ ಅಕ್ಷರಾಗೆ ಫೋನ್ ಹಚ್ಚಿದ, ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿದ. ಸಂಗತಿ ಹೇಳಿ, ಬುಡಕ್ಕೆ ಮರಳು ಹೊಡೆಯಬಹುದೇ ಎಂದು ಕೇಳಿದ.

“ಆ ಭಾಗ ಮಾತ್ರ ಅಂದ್ರೆ… ಮರಳು ಹೊಡೆಯಬಹುದು ಸರ್. ಅಷ್ಟೇನೂ ಮಹತ್ವದ ಕಲ್ಲಲ್ಲ ಅದು. ಕೆಳಗಡೇದು.”

“ಉಸಿರು?” ಎಂದಳು ಜಗದಾಂಬ, ಫೋನಿಗೆ ಕೇಳಿಸುವಂತೆ. “ಆ ಕಲ್ಲು ಉಸಿರಾಡಂಗಿಲ್ಲೇನ್ರಿ ಮೇಡಮ್ಮೋರ?”

ಶಿವಬಸಯ್ಯ ಫೋನ್ ಆರಿಸಿದ. “ಬಾಯಿ ಮುಚ್ಚು, ರಂಡಿ. ಸೋಮವಾರದೊಳಗ ಆಗ್ಬೇಕು. ಇಲ್ಲಾಂದ್ರ ಇಬ್ಬರೂ ಗಂಟು ಕಟ್ರಿ. ಕಾಶೀನಾಥ, ಈ ಊರಾಗ ಯಾರೂ ಇವರಿಗಿ ಕೆಲಸ ಕೊಡಬಾರ್ದು ನೋಡು.”

“ಮೈಂ ದೇಖ್ ಲೂಂಗಾ,” ಎಂದು ಅದರ ಹೊಣೆ ಹೊತ್ತು ಕಾಶೀನಾಥ ಉಗುಳಿದ, ತೊಳೆದ ಕಲ್ಲಿನ ಮೇಲೆಯೇ.

ಅವರಿಬ್ಬರೂ ಒಳಗೆ ಹೋದ ಮೇಲೆ ನಾಗಲಿಂಗ ಆ ಅಕ್ಷರಗಳ ಮುಂದೆ ಕೂತ. ಐದು ನಿಮಿಷವೇ ತಾನೇ. ಹೊಲಸು ಮಾತು ಹೋದರೆ ಹೋಗಲಿ, ಕಲ್ಲಿನ ಮೇಲೆ ಅದು ಇದ್ದು ಯಾರಿಗೇನು ಸುಖ? ಹಾಗೆ ಅತ್ತಿಗೆಗೆ ಹೇಳಿಯೂ ಹೇಳಿದ.

“ಎಲ್ಲಿಗಿ ಹೋಗ್ತದೋ ಅದು?” ಎಂದಳು ಜಗದಾಂಬ. “ನೀ ಹೊಡೀತಿ, ಅಕ್ಷರ ಪುಡಿ ಆಗಿ ಏಳ್ತದ. ಎದ್ದು ಎಲ್ಲಿಗಿ ಹೋಗ್ತದ? ಶಿವಬಸಯ್ಯನ ಮೂಗಿನ್ಯಾಗೇನು? ಕಲ್ಲಿನ್ಯಾಗಿಂದು ತಗದು ನಿನ್ನ ಎದಿಯಾಗ ಇಡ್ಲತ್ತಾರ, ಹುಚ್ಚಾ. ನಿಮ್ಮಣ್ಣನ ಎದಿಯಾಗ ಹವೇಲಿ ಇತ್ತು. ನಿನ್ನ ಎದಿಯಾಗ ಇದು ಇರ್ತದ. ‘ಮೆಟ್ಟಕೂಡದು’ ಅಂತ.”

ನಾಗಲಿಂಗ ಎದ್ದು ನೀರಿನ ಪೈಪನ್ನು ಮರಳಿನ ಗುಡ್ಡೆಯ ಕಡೆ ತಿರುಗಿಸಿದ.

ಒದ್ದೆ ಮರಳು ಗನ್ನಿನಲ್ಲಿ ಹೋಗುವುದಿಲ್ಲ. ಪೈಪಿನಲ್ಲೇ ಗಂಟು ಕಟ್ಟುತ್ತದೆ. ಮಧ್ಯಾಹ್ನ ಕಾಶೀನಾಥ ಬಂದು ಮುಷ್ಟಿಯಲ್ಲಿ ಹಿಡಿದು ನೋಡಿ ತಾಯಿ ತಂಗಿಯರನ್ನೆಲ್ಲ ಎಳೆದು ಬೈದ. ಮರಳನ್ನು ತಾರಸಿಯ ಮೇಲೆ ಹರಡಿ ಒಣಗಿಸಬೇಕಾಯಿತು. ಮಾಘದ ಬಿಸಿಲು, ಮಂಜು ಬಿಡುವುದೇ ಹನ್ನೊಂದಕ್ಕೆ. ಅದು ಒಣಗುವ ಹೊತ್ತಿಗೆ ಭಾನುವಾರ ಮುಗಿದಿತ್ತು. ಸೋಮವಾರ ಬೆಳಕು ಹರಿಯುತ್ತಲೇ ಹೊಡೆಯಬೇಕು ಎಂದು ಕಟ್ಟಪ್ಪಣೆ ಮಾಡಿದ್ದ ಶಿವಬಸಯ್ಯ ಅಂದು ನಸುಕಿನಲ್ಲೇ ಗಂಗಾಸ್ನಾನಕ್ಕೆ ಹೋದ.

ಮಂಜು ಬಿಟ್ಟ ಮೇಲೆ ತಿರುಗಿ ಬಂದಾಗ ಮೈಮೇಲೆ ಹೊಸ ರೇಷ್ಮೆ ಧೋತರ, ಹೆಗಲಲ್ಲಿ ಶಲ್ಯ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಓಣಿಯ ತಿರುವಿನಿಂದಲೇ ಅವನಿಗೆ ಕಂಡಿತು. ಎಡಗಂಬದ ಬುಡ ಕೆಂಪಗೆ ಉರಿಯುತ್ತಿತ್ತು. ಹನುಮಂತನಿಗೆ ಬಳಿಯುವ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ, ಒಂದೊಂದು ಅಕ್ಷರದ ತಗ್ಗಿಗೂ ಬೆರಳಿನಿಂದ ತುಂಬಿದ್ದರು. ಒತ್ತು ಬಿಟ್ಟಿರಲಿಲ್ಲ, ಸೊನ್ನೆ ಬಿಟ್ಟಿರಲಿಲ್ಲ. ಹತ್ತು ಮಾರು ದೂರದಿಂದ ಓದಬಹುದಿತ್ತು. ಮತ್ತು ಆ ಮೊದಲ ಮೆಟ್ಟಿಲ ಮೇಲೆ ಜಗದಾಂಬ ಕಾಲು ಚಾಚಿ ಕೂತು, ಸೆರಗಿನಿಂದ ಕೈಯ ಸಿಂಧೂರ ಒರೆಸಿಕೊಳ್ಳುತ್ತಿದ್ದಳು.

“ಏಳ್! ಏಳ್ ಮ್ಯಾಲ! ಸೂಳೇರಾ, ಏನು ಮಾಡೀರಿ ಇದು?”

“ತೊಳದೀವ್ರಿ, ಅಯ್ನೋರ,” ಎಂದ ನಾಗಲಿಂಗ. ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಇಂದು ಆತುಕೊಂಡೇ ನಿಂತಿದ್ದ.

ಕೇದಾರಘಾಟಿನ ಕಡೆಯಿಂದ ಶಂಖ ಕೇಳಿಸಿತು. ದೋಣಿ ಬಂದಿತ್ತು.

ಶಿವಬಸಯ್ಯ ಅಂಗೈಯಿಂದ ಉಜ್ಜಿದ. ಅಂಗೈ ಕೆಂಪಾಯಿತು, ಅಕ್ಷರ ತಗ್ಗಿನಲ್ಲಿ ಹಾಗೇ ಕೂತಿತ್ತು. ಮೇಲಿನ ಮಾವಿನ ತೋರಣ ಎಳೆದು ಅಡ್ಡ ಹಿಡಿದ. ‘ಶ್ರೀ’ಯಿಂದ ‘ಶಿವಭಕ್ತರ’ವರೆಗೆ ಮುಚ್ಚಿತು, ಮುಚ್ಚಬೇಕಾದ್ದು ಉಳಿಯಿತು.

“ಹೊಡಿಯೋ ಮರಳು! ಕಾಶೀನಾಥ, ಚಾಲೂ ಮಾಡು!”

ಅವನ ಹಿಂದೆಯೇ ಬಂದಿದ್ದ ಕಾಶೀನಾಥ ಗುಂಡಿ ಒತ್ತಿದ, ಕಂಪ್ರೆಸರ್ ಗುಡುಗಿತು. ನಾಗಲಿಂಗ ಗನ್ನನ್ನು ಎತ್ತಿ ಶಿವಬಸಯ್ಯನ ಕಾಲ ಬಳಿ ಇಟ್ಟ.

“ಐದು ನಿಮಿಷದ ಕೆಲಸರಿ. ನೀವೇ ಹೊಡೀರಿ.”

ಶಿವಬಸಯ್ಯ ಕಾಶೀನಾಥನ ಕಡೆ ನೋಡಿದ. ಕಾಶೀನಾಥ ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೂಗಿಗೆ ಕರವಸ್ತ್ರ ಒತ್ತಿ ಹಿಡಿದಿದ್ದ. “ಹಮ್ ಸೇ ನ ಹೋಈ ಮಹಾರಾಜ್. ಬಾಲ್ ಬಚ್ಚೇ ವಾಲೇ ಹೈಂ.” ಮಕ್ಕಳೊಂದಿಗನಂತೆ, ಅವನಿಂದ ಆಗದಂತೆ.

ಶಂಖ ಘಾಟಿನ ಮೆಟ್ಟಿಲು ಏರಿತ್ತು. ಜೈಕಾರ ಕೇಳುತ್ತಿತ್ತು. ಶಿವಬಸಯ್ಯ ಗನ್ ಎತ್ತಿದ. ಒಂದು ಕೈಯಲ್ಲಿ ಗನ್, ಒಂದು ಕೈಯಲ್ಲಿ ಮೂಗು, ಹಿಡಿ ಒತ್ತಿದ. ಗನ್ ಹಾವಿನಂತೆ ಹೊರಳಿ ಮೆಟ್ಟಿಲಿಗೆ ಹೊಡೆದು, ಮರಳು ಪುಟಿದು ಅವನ ಮುಖಕ್ಕೇ ಬಂತು. ಒಂದು ಕೈಗೆ ಬಗ್ಗುವ ಗನ್ ಅಲ್ಲ ಅದು. ಶಲ್ಯವನ್ನು ಮುಖಕ್ಕೆ ಸುತ್ತಿದ. ರೇಷ್ಮೆ, ಗಂಟು ನಿಲ್ಲಲಿಲ್ಲ, ಜಾರಿ ಕೊರಳಿಗೆ ಬಿತ್ತು. ಮತ್ತೆ ಎರಡು ಕೈಯಲ್ಲಿ ಹಿಡಿದು ಹೊಡೆದ. ‘ಗುರಿ’ಯ ಅಂಚು ಒಂದಿಷ್ಟು ಸವೆಯಿತು. ಧೂಳು ಎದ್ದಿತು, ಬಿಳಿಯಾಗಿ, ಮೆತ್ತಗೆ, ಬಿಸಿಲಿನಲ್ಲಿ ಚಂದವಾಗಿ. ಆ ಗಂಟಲು, ಷಟ್ಪದಿಯ ಗಂಟಲು, ಹರಿದ ತಮಟೆಯಂತೆ ಕೆಮ್ಮಿತು. ಬಗ್ಗಿದ, ಮೊಣಕಾಲೂರಿದ, ಬಾಯಿಂದ ಲೋಳೆ ಇಳಿಯಿತು.

“ಸ್ವಲ್ಪ ಆ ಕಡೆ ಹೋಗಿ ಕೆಮ್ಮರಿ,” ಎಂದಳು ಜಗದಾಂಬ ಕೂತಲ್ಲಿಂದಲೇ.

ನಾಗಲಿಂಗ ಬಕೆಟಿನಲ್ಲಿ ಗಮ್ಛಾ ಅದ್ದಿ ಹಿಂಡಿದ. ಅಣ್ಣ ಕಟ್ಟುತ್ತಿದ್ದದ್ದು, ಈಗ ತಾನು ಕಟ್ಟುವುದು. ಎಷ್ಟು ಒಗೆದರೂ ಬೆವರಿನ, ಬೀಡಿಯ, ಉಗುಳಿನ ವಾಸನೆ ಹೋಗದ ದಪ್ಪ ಬಟ್ಟೆ. ಎರಡೂ ಕೈಯಿಂದ, ದೇವರಿಗೆ ಹೂವು ಒಡ್ಡುವಂತೆ, ಮುಂದೆ ಹಿಡಿದ.

“ಕಟ್ಕೋರಿ ಅಯ್ನೋರ. ಎರಡು ಸುತ್ತು. ಅದಿಲ್ಲಂದ್ರ ಸಾಯ್ತೀರಿ.”

ಶಿವಬಸಯ್ಯ ಗಮ್ಛಾ ನೋಡಿದ. ಕೆಂಪು ಅಂಗೈ ಅದರ ಕಡೆಗೆ ಅರ್ಧ ಬಂದು ಗಾಳಿಯಲ್ಲಿ ನಿಂತಿತು. ಕಂಪ್ರೆಸರ್ ಗುಡುಗುತ್ತಲೇ ಇತ್ತು. ಓಣಿಯ ತಿರುವಿನಲ್ಲಿ ಮೊದಲು ಶಂಖದವನ ಉಬ್ಬಿದ ಕೆನ್ನೆ ಕಂಡಿತು, ಹಿಂದೆ ದೇಸಾಯರ ತಲೆಯ ರುಮಾಲು. ಗಮ್ಛಾದಿಂದ ನೀರು ತೊಟ್ಟಿಕ್ಕಿ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಕಲ್ಲು ಅದನ್ನು ಒಂದೊಂದೇ ಹನಿಯಾಗಿ ಕುಡಿಯುತ್ತಿತ್ತು.